ಅಗ್ರಿಮೆಂಟಿನ ಅಳತೆಯ ಬೆಂಚು

ಈ ಎರಡು ಕೈಗಳು ಬರೀ ಟೈಪ್ ಮಾಡಲು ಹುಟ್ಟಿದವಲ್ಲ! ಈ ಮಹಾಸತ್ಯ ನನಗೆ ಹೊಳೆದದ್ದು ನಿವೃತ್ತನಾದ ಹನ್ನೊಂದನೆಯ ದಿನ, ಬೆಳಗಿನ ಎರಡನೆಯ ಚಹಾ ಕುಡಿಯುತ್ತಿದ್ದಾಗ. ಮೂವತ್ತಮೂರು ವರ್ಷ ಫೋರ್ಟ್ ಏರಿಯಾದ ಒಬ್ಬ ವಕೀಲರ ಆಫೀಸಿನಲ್ಲಿ ಕೂತು ಮುಂಬಯಿಯ ಜನರ ಫ್ಲ್ಯಾಟುಗಳಿಗೆ ಅಗ್ರಿಮೆಂಟ್ ಟೈಪ್ ಮಾಡಿದವನು ನಾನು. ಅಂಧೇರಿಯಿಂದ ಅಂಬರನಾಥದವರೆಗೆ ನನ್ನ ಬೆರಳಿನಡಿ ಹಾದುಹೋಗದ ಬಿಲ್ಡಿಂಗಿಲ್ಲ. ಕಾಗದದ ಮೇಲೆ ಅಷ್ಟು ಮನೆ ಕಟ್ಟಿದವನಿಗೆ ಮರದ ಬೆಂಚೊಂದನ್ನು ಕಟ್ಟುವುದು ಯಾವ ಮಹಾ ಕೆಲಸ?

"ವಾರಿಜಾ, ನಾನು ಮರದ ಕೆಲಸ ಶುರು ಮಾಡ್ತೇನೆ!" ಎಂದು ಘೋಷಿಸಿದೆ.

ನನ್ನ ಹೆಂಡತಿ ಹಾಲ್‌ನಲ್ಲಿ ಟಿವಿಯ ಪಕ್ಕದ ಮೂಲೆಯಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದಳು. ಬಿಲ್ಡಿಂಗಿನ ಅರ್ಧ ಹೆಂಗಸರ ರವಿಕೆ ಅವಳದ್ದೇ ಹೊಲಿಗೆ. ತಲೆ ಎತ್ತದೆ ಕೇಳಿದಳು, "ಮೊನ್ನೆ ಯೋಗ ಅಂತ ಹೇಳಿದ್ರಿ. ಅದು ಮುಗೀತಾ?"

"ಯೋಗ ಬೇರೆ, ಇದು ಬೇರೆ. ಮೊದಲು ಒಂದು ಬೆಂಚು ಬೇಕು. ಉದ್ದದ್ದು, ಗಟ್ಟಿದ್ದು. ಮರ ಇಟ್ಟು ಕೊಯ್ಲಿಕ್ಕೆ, ತೋಪಡಾ ಹಾಕಿ ನಯ ಮಾಡ್ಲಿಕ್ಕೆ. ಅದನ್ನು ಬಾಲ್ಕನಿಯಲ್ಲಿ ಇಡುದು. ಬಾಲ್ಕನಿ ಇನ್ನು ನನ್ನ ವರ್ಕ್‌ಶಾಪ್!"

ಮೆಷಿನ್ ನಿಂತಿತು. ನಮ್ಮ ಮನೆಯಲ್ಲಿ ಆ ಮೆಷಿನ್ ಮಧ್ಯದಲ್ಲಿ ನಿಂತಿತೆಂದರೆ ಒಂದೋ ದಾರ ತುಂಡಾಗಿದೆ, ಇಲ್ಲವೇ ನನ್ನ ಗ್ರಹಚಾರ ಕೆಟ್ಟಿದೆ ಎಂದರ್ಥ. ದಾರ ತುಂಡಾಗಿರಲಿಲ್ಲ.

"ಹನ್ನೆರಡು ವರ್ಷದಿಂದ ನಾನು ಆ ಬಾಲ್ಕನಿ ಕೇಳ್ತಾ ಇದ್ದೇನೆ. ಇಲ್ಲಿ ಬೆಳಕಿಲ್ಲ. ನೀವು ನ್ಯೂಸ್ ಹಾಕಿದ್ರೆ ಮೆಷಿನ್ ನಿಲ್ಲಿಸು ಅಂತೀರಿ. ಬಟ್ಟೆ ಕಟ್ ಮಾಡ್ಲಿಕ್ಕೆ ನೆಲದಲ್ಲಿ ಕೂತು ಕೂತು ನನ್ನ ಸೊಂಟ ಹೋಯ್ತು. ಆಗ ನೀವು ಎಂತ ಹೇಳಿದ್ರಿ? ಬಾಲ್ಕನಿ ಗಾಳಿಗೆ ಬೇಕು ಅಂತ. ಈಗ ನಿಮ್ಮ ಬೆಂಚಿಗೆ ಗಾಳಿ ಬೇಡ್ವಾ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ನ್ಯಾಯ ಎದುರಿನವರ ಕಡೆ ಇದ್ದಾಗ ಏನು ಮಾಡಬೇಕೆಂಬುದನ್ನು ವಕೀಲರ ಆಫೀಸಿನಲ್ಲಿ ಚೆನ್ನಾಗಿ ಕಲಿತಿದ್ದೆ. ಕೂಡಲೇ ಕಾಗದ ತೆಗೆದು ಒಂದು ಅಗ್ರಿಮೆಂಟ್ ಬರೆದೆ. "ಒಂದನೇ ಪಕ್ಷದವರು, ಅಂದರೆ ಗಂಡನು, ಬರುವ ಭಾನುವಾರ ಸಂಜೆ ಆರು ಗಂಟೆಯೊಳಗೆ ಸದರಿ ಬೆಂಚನ್ನು ಸ್ವಂತ ಕೈಯಿಂದ ನಿರ್ಮಿಸಿ ಸದರಿ ಬಾಲ್ಕನಿಯೊಳಗೆ ಸ್ಥಾಪಿಸತಕ್ಕದ್ದು. ತಪ್ಪಿದಲ್ಲಿ ಸದರಿ ಬಾಲ್ಕನಿಯ ಸಮಸ್ತ ಹಕ್ಕುಗಳು ಎರಡನೇ ಪಕ್ಷದವರಿಗೆ ಆಚಂದ್ರಾರ್ಕವಾಗಿ ಸಲ್ಲತಕ್ಕದ್ದು." ಸೂರ್ಯ ಚಂದ್ರರನ್ನು ನಾನಾಗಿಯೇ ಸೇರಿಸಿದೆ. ಸೋಲುವ ಮಾತೇ ಇಲ್ಲದಿರುವಾಗ ಅವರಿಬ್ಬರಿಗೆ ಏನು ತೊಂದರೆ?

ವಾರಿಜಾ ಎರಡು ಸಲ ಓದಿ ಸಹಿ ಹಾಕಿದಳು. ಸಾಕ್ಷಿಗೆ ಮಗ ಸುಹಾಸನನ್ನು ಕರೆದೆ. ಗೋರೆಗಾಂವ್‌ನ ಆಫೀಸಿಗೆ ಹೊರಟಿದ್ದ ಅವನು ಶೂ ಹಾಕಿಕೊಳ್ಳುತ್ತಾ, "ಪಪ್ಪಾ, ನನಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಸೈನ್ ಕಹಾಂ ಕರೂಂ, ಬಸ್ ಇತ್ನಾ ಬೋಲೋ" ಎಂದು, ನಾನು ಬೆರಳಿಟ್ಟು ತೋರಿಸಿದಲ್ಲಿ ಸಹಿ ಗೀಚಿ ಲೋಕಲ್ ಟ್ರೇನ್ ಹಿಡಿಯಲು ಓಡಿದ.

ಇನ್ನು ವಿನ್ಯಾಸ! ಕಬ್ಬಿಣದ ಕಪಾಟಿನಿಂದ ನಮ್ಮ ಫ್ಲ್ಯಾಟಿನ ಅಗ್ರಿಮೆಂಟ್ ಹೊರತೆಗೆದೆ. ಇಪ್ಪತ್ತೆರಡು ವರ್ಷಗಳ ಹಿಂದೆ ಘಾಟ್ಕೋಪರ್‌ನ ಈ ಮನೆ ಕೊಂಡಾಗ ನಾನೇ ಟೈಪ್ ಮಾಡಿದ್ದು. ಬಾಲ್ಕನಿ: ಉದ್ದ ಹತ್ತು ಅಡಿ, ಅಗಲ ಐದು ಅಡಿ. ಪ್ರತಿ ಪುಟಕ್ಕೂ ಸಹಿ, ಕೊನೆಗೆ ಸರಕಾರದ ಮುದ್ರೆ. ನಮ್ಮ ಬಾಲ್ಕನಿ ರೈಲು ಬೋಗಿಯ ಹಾಗೆ ಉದ್ದಕ್ಕಿದೆ. ಹಾಲ್‌ನಿಂದ ಹೋಗುವ ಬಾಗಿಲು ಅದರ ಕಿರಿದಾದ ತುದಿಯಲ್ಲಿದೆ. ಬೆಂಚನ್ನು ಆ ಬಾಗಿಲಿನಿಂದ ನೇರ ಒಳಗೆ ದೂಡಿ, ಪೂರ್ತಿ ಹೋದ ಮೇಲೆ ಗೋಡೆಯ ಬದಿಗೆ ಸರಿಸಿದರೆ ಕೆಲಸ ಮುಗಿಯಿತು. ಬೆಂಚಿನ ಉದ್ದ ಒಂಬತ್ತು ಅಡಿ ಹತ್ತು ಇಂಚು ಎಂದು ಬರೆದೆ. ಎರಡು ಇಂಚನ್ನು ದೊಡ್ಡ ಮನಸ್ಸು ಮಾಡಿ ಬಾಲ್ಕನಿಗೇ ಬಿಟ್ಟುಕೊಟ್ಟೆ.

ವಾರಿಜಾ ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಚಾಚಿದಳು. "ಒಂದ್ಸಲ ಅಳೆದು ನೋಡಿ ಮಾರಾಯ್ರೆ."

"ಬಟ್ಟೆಯ ಟೇಪಿನಲ್ಲಾ!" ನಾನು ನಕ್ಕುಬಿಟ್ಟೆ. "ಅದು ಎಳೆದ ಹಾಗೆ ಬರ್ತದೆ. ಇದು ರಿಜಿಸ್ಟರ್ಡ್ ಡಾಕ್ಯುಮೆಂಟ್, ವಾರಿಜಾ. ಹೈಕೋರ್ಟಿನಲ್ಲೂ ನಿಲ್ತದೆ!"

ಅವಳು ಟೇಪನ್ನು ಮತ್ತೆ ಕುತ್ತಿಗೆಗೆ ಹಾಕಿಕೊಂಡು ಒಂದು ಮುಗುಳ್ನಗೆ ನಕ್ಕಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಆ ನಗೆ ಕಂಡ ಕೂಡಲೇ ಎದೆ ಝಲ್ಲೆನ್ನಬೇಕಿತ್ತು. ನನಗೆ ಹಸಿವಾಯಿತು ಅಷ್ಟೇ.

ಕುರ್ಲಾದ ಮರದ ಅಂಗಡಿಯಲ್ಲಿ ಹಲಗೆ ಕೊಯ್ಯುವವನು ಕಲಬುರಗಿ ಕಡೆಯವನು, ಶ್ರೀಮಂತ ಎಂದು ಹೆಸರು. ನಾನು ಕೊಟ್ಟ ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಸಾಹೇಬ್ರ, ಜಾಗಾ ಅಳದೀರೇನ್ರಿ?"

"ಕಾಗದದಲ್ಲಿದೆ."

"ಕಾಗದದಾಗ ಇರ್ತದ್ರಿ. ಮನ್ಯಾಗ ಇರಬೇಕಲ್ರಿ! ನಾಳಿಗಿ ನಾನ ಬಂದು ಮಾಪ ತಗೊಂಡು ಹೋಗ್ತೀನಿ, ರೊಕ್ಕಾ ಏನೂ ಬ್ಯಾಡ."

ಮೂವತ್ತಮೂರು ವರ್ಷ ಅಳತೆಗಳ ನಡುವೆಯೇ ಬದುಕಿದವನಿಗೆ ಹಲಗೆ ಕೊಯ್ಯುವವನು ಬುದ್ಧಿ ಹೇಳುವುದೇ? "ಬರೆದಷ್ಟು ಕೊಯ್ಯಪ್ಪಾ" ಎಂದೆ. ಅವನು ಬರೆದಷ್ಟೇ ಕೊಯ್ದ. ಕೂದಲೆಳೆಯಷ್ಟೂ ತಪ್ಪಲಿಲ್ಲ, ಆ ಪುಣ್ಯಾತ್ಮ.

ಅಷ್ಟು ಉದ್ದದ ಹಲಗೆ ಲಿಫ್ಟಿನೊಳಗೆ ಹೋಗುವುದಿಲ್ಲ ಎಂದು ಗೊತ್ತಾದದ್ದು ಲಿಫ್ಟಿನ ಮುಂದೆ ನಿಂತಾಗ. ನಾನೂ ಸುಹಾಸನೂ ನಾಲ್ಕು ಮಹಡಿ ಹೊತ್ತೆವು. ಪ್ರತಿ ತಿರುವಿನಲ್ಲೂ ಹಲಗೆ ಯಾರದಾದರೂ ಮನೆಯ ಕರೆಗಂಟೆ ಒತ್ತಿತು. ಬಾಗಿಲು ತೆರೆದವರಿಗೆಲ್ಲ ನಾನು ಏದುಸಿರು ಬಿಡುತ್ತಾ, "ಭಾನುವಾರ ಬನ್ನಿ, ಬೆಂಚು ನೋಡ್ಲಿಕ್ಕೆ!" ಎಂದು ಆಹ್ವಾನ ಕೊಟ್ಟೆ. ಸೋಲನ್ನು ನೋಡಲು ಇಷ್ಟು ಮುತುವರ್ಜಿಯಿಂದ ಜನ ಕೂಡಿಸಿದವನು ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ.

ಆಮೇಲೆ ಶುರುವಾಯಿತು ನಿಜವಾದ ತಮಾಷೆ. ಬೆಂಚು ಮಾಡಬೇಕಾದರೆ ಹಲಗೆಯನ್ನು ಯಾವುದಾದರೂ ಬೆಂಚಿನ ಮೇಲಿಟ್ಟು ಕೊರೆಯಬೇಕು! ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವನು ಖಂಡಿತ ಬಡಗಿಯೇ ಇರಬೇಕು. ಬಾಲ್ಕನಿಯಲ್ಲಿ ಪ್ಲಗ್ ಇಲ್ಲ. ಹಾಗಾಗಿ ಹಾಲ್‌ನಲ್ಲೇ, ಊಟದ ಮೇಜಿನ ಮೇಲೆ ಹಲಗೆ ಇಟ್ಟು ಡ್ರಿಲ್ ಹಿಡಿದೆ. ಡ್ರಿಲ್ ಉತ್ಸಾಹದಿಂದ ಹಲಗೆ ದಾಟಿತು. ಮೇಜನ್ನೂ ದಾಟಿತು. ಹಲಗೆ ಎತ್ತಿದಾಗ ಮೇಜಿನ ನಡುವೆ ಅಚ್ಚುಕಟ್ಟಾದ ನಾಲ್ಕು ತೂತುಗಳು!

"ಇದೆಂತ, ಸಾರು ಚೆಲ್ಲಿದ್ರೆ ಇಳಿದು ಹೋಗ್ಲಿಕ್ಕಾ?" ಎಂದಳು ವಾರಿಜಾ.

ಅಷ್ಟರಲ್ಲಿ ಬಾಗಿಲಲ್ಲಿ ದೇವಾನಂದ. ನಮ್ಮ ಸೊಸೈಟಿಯ ಸೆಕ್ರೆಟರಿ, ಕೆಳಗಿನ ಮಹಡಿಯವರು. "ಸೀನಣ್ಣಾ, ಎರಡರಿಂದ ನಾಲ್ಕು ಡ್ರಿಲ್ಲಿಂಗ್ ಬಂದ್ ಅಂತ ರೂಲ್ ಉಂಟಲ್ವಾ? ಆ ರೂಲ್ ಟೈಪ್ ಮಾಡಿದ್ದೇ ನೀವು!"

ಹೌದು, ನಾನೇ. ದಿನಾ ಎರಡು ತಾಸು ನನ್ನದೇ ನಿಯಮಕ್ಕೆ ಬಲಿಯಾಯಿತು. ಹಾಗೂ ಹೀಗೂ ಶನಿವಾರ ಬೆಂಚಿಗೆ ಆರು ಕಾಲು ಕೂಡಿಸಿ, ಬೋಲ್ಟ್ ಬಿಗಿದು, ಇನ್ನು ನನ್ನ ಮೊಮ್ಮಕ್ಕಳ ಕಾಲಕ್ಕೂ ಅಲುಗಬಾರದೆಂದು ಸಂದು ಸಂದಿಗೂ ಫೆವಿಕಾಲ್ ಸುರಿದೆ. ಸತ್ಯ ಹೇಳಬೇಕೆಂದರೆ, ಬೆಂಚು ಚೆನ್ನಾಗಿಯೇ ಬಂತು. ಮೇಲೆ ಹತ್ತಿ ನಿಂತೆ, ಕುಣಿದೆ. ಅದು ಅಲುಗಲಿಲ್ಲ. ವಾರಿಜಾ ಕೂಡ ಅದರ ಮೇಲೆ ಕೈಯಾಡಿಸಿ, "ಪಾಲಿಶ್ ಒಳ್ಳೆ ಬಂದಿದೆ" ಎಂದಳು. ನನಗೆ ಆಕಾಶಕ್ಕೆ ಮೂರೇ ಗೇಣು!

ಭಾನುವಾರ ಸಂಜೆ ಐದು ಗಂಟೆ. ಆಹ್ವಾನಿತರು ಕೆಳಗೆ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ನಾನು ಬಾಲ್ಕನಿಯೊಳಗೆ ನಿಂತು ಎಳೆಯುವುದು, ಸುಹಾಸ ಹಾಲ್‌ನಿಂದ ದೂಡುವುದು ಎಂದು ತೀರ್ಮಾನವಾಯಿತು.

"ಪಪ್ಪಾ, ನಾನು ಧಕ್ಕಾ ಕೊಡ್ತೇನೆ. ರೆಡಿ?"

ಬೆಂಚು ಬಾಗಿಲು ದಾಟಿ ರಾಜಗಾಂಭೀರ್ಯದಿಂದ ಬಂತು. ಎರಡಡಿ, ನಾಲ್ಕಡಿ, ಎಂಟಡಿ. ನಾನು ಹಿಂದೆ ಹಿಂದೆ ಸರಿದೆ. ಇದ್ದಕ್ಕಿದ್ದಂತೆ ನನ್ನ ಬೆನ್ನಿಗೆ ಗ್ರಿಲ್ ತಾಗಿತು. ಪಕ್ಕಕ್ಕೆ ಹಾರಿದೆ. ಬೆಂಚು ಧಡ್ ಎಂದು ಗ್ರಿಲ್‌ಗೆ ಬಡಿದು ನಿಂತಿತು.

"ದೂಡು!"

"ಪಪ್ಪಾ, ದೂಡಿ ಆಯ್ತು. ಇನ್ನು ಬಿಲ್ಡಿಂಗ್ ದೂಡಬೇಕಷ್ಟೇ!"

ನೋಡಿದರೆ ಬೆಂಚಿನ ಒಂದೂವರೆ ಅಡಿ ಇನ್ನೂ ಹಾಲ್‌ನಲ್ಲಿದೆ! ಪೂರ್ತಿ ಒಳಗೆ ಬಾರದೆ ಬದಿಗೆ ಸರಿಯುವ ಹಾಗಿಲ್ಲ. ಇನ್ನೊಮ್ಮೆ ಜೋರಾಗಿ ದೂಡಿದ ಸುಹಾಸ. ಅದು ಓರೆಯಾಗಿ ಬಾಗಿಲಿನ ಚೌಕಟ್ಟಿನಲ್ಲಿ ಕಚ್ಚಿಕೊಂಡಿತು. ಈಗ ಮುಂದೂ ಇಲ್ಲ, ಹಿಂದೂ ಇಲ್ಲ. ಕೆಳಗಿನಿಂದ ದೇವಾನಂದ ಕೂಗಿದರು, "ಸೀನಣ್ಣಾ, ಉದ್ಘಾಟನೆ ಆಯ್ತಾ? ಚಪ್ಪಾಳೆ ಹೊಡೀಲಾ?"

ಬಾಲ್ಕನಿಯಲ್ಲಿ ಸಿಕ್ಕಿಬಿದ್ದ ನಾನು ಹೊರಬರಲು ಇದ್ದದ್ದು ಒಂದೇ ದಾರಿ. ಸ್ವಂತ ಕೈಯಿಂದ ಕಟ್ಟಿದ ಬೆಂಚಿನ ಮೇಲೆ ನಾಲ್ಕು ಕಾಲಿನಲ್ಲಿ ಅಂಬೆಗಾಲಿಡುತ್ತಾ ಹಾಲ್‌ಗೆ ಬಂದೆ. ಕೆಳಗೆ ಚಪ್ಪಾಳೆ ಬಿತ್ತು. ಎದುರಿಗೆ ವಾರಿಜಾ ಎರಡು ಟೇಪುಗಳನ್ನು ಒಂದಕ್ಕೊಂದು ಪಿನ್ನು ಚುಚ್ಚಿ ಸೇರಿಸಿ ಹಿಡಿದು ನಿಂತಿದ್ದಳು. ಸುಹಾಸ ಬೆಂಚಿನ ಮೇಲೆ ತೆವಳಿ ಹೋಗಿ ಟೇಪಿನ ಒಂದು ತುದಿಯನ್ನು ಗ್ರಿಲ್‌ಗೆ ಹಿಡಿದ. ಇವಳು ಇನ್ನೊಂದು ತುದಿಯನ್ನು ಬಾಗಿಲಿಗೆ ಹಿಡಿದು ಓದಿದಳು.

"ಎಂಟು ಅಡಿ ನಾಲ್ಕು ಇಂಚು."

"ಸಾಧ್ಯವೇ ಇಲ್ಲ! ಅಗ್ರಿಮೆಂಟಿನಲ್ಲಿ ಹತ್ತು ಉಂಟು!"

ಹಾಗೆಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಹತ್ತಡಿ ಎಂದು ಟೈಪ್ ಮಾಡಿದವನಿಗೆ ಅದು ಹೇಗೆ ಹತ್ತಡಿಯಾಯಿತೆಂದು ಗೊತ್ತಿಲ್ಲವೇ? ಮುಂಬಯಿಯಲ್ಲಿ ಬಿಲ್ಡರ್ ಬರೆಯುವ ಅಳತೆಯಲ್ಲಿ ಗೋಡೆಯ ದಪ್ಪವೂ ಸೇರುತ್ತದೆ, ಮೆಟ್ಟಿಲಿನ ಪಾಲೂ ಸೇರುತ್ತದೆ, ಲಿಫ್ಟೂ ಸೇರುತ್ತದೆ, ಕೆಳಗೆ ವಾಚ್‌ಮನ್ ಕೂರುವ ಕ್ಯಾಬಿನ್ನೂ ಸೇರುತ್ತದೆ. ‘ಸೂಪರ್ ಬಿಲ್ಟ್ ಅಪ್’ ಎಂದು ಅದಕ್ಕೆ ಹೆಸರು. ಆ ಮಾತನ್ನು ಜೀವಮಾನದಲ್ಲಿ ಒಂದು ಲಕ್ಷ ಸಲ ಟೈಪ್ ಮಾಡಿದ್ದೇನೆ. ಊರಿನವರ ಮನೆಗೆಲ್ಲ ಅದು ಅನ್ವಯಿಸುತ್ತದೆ, ನನ್ನ ಮನೆಯೊಂದನ್ನು ಬಿಟ್ಟು ಎಂದುಕೊಂಡಿದ್ದೆನೋ ಏನೋ!

"ನಿನಗೆ ಮೊದಲೇ ಗೊತ್ತಿತ್ತಾ?"

"ಕರ್ಟನ್ ಹೊಲಿಯುವಾಗಲೇ ಅಳೆದಿದ್ದೆ. ನಾನು ಟೇಪ್ ಕೊಟ್ಟೆ, ನೀವು ಹೈಕೋರ್ಟ್ ತೋರಿಸಿದ್ರಿ. ನಾವು ರವಿಕೆ ಹೊಲಿಯುದು ಮೈ ಅಳೆದು ಮಾರಾಯ್ರೆ, ಆಧಾರ್ ಕಾರ್ಡ್ ನೋಡಿ ಅಲ್ಲ!"

ಗಡಿಯಾರ ಆರು ಹೊಡೆಯಲು ಇನ್ನೂ ಐದು ನಿಮಿಷವಿತ್ತು. ನನ್ನೊಳಗಿನ ವಕೀಲರ ಗುಮಾಸ್ತ ಕೊನೆಯ ಪ್ರಯತ್ನ ಮಾಡಿದ. "ನೋಡು, ಬೆಂಚಿನ ಬಹುಭಾಗ ಬಾಲ್ಕನಿಯಲ್ಲಿದೆ. ಕಾನೂನಿನ ದೃಷ್ಟಿಯಲ್ಲಿ..."

"‘ಬಾಲ್ಕನಿಯೊಳಗೆ’ ಅಂತ ಬರೆದಿದ್ದೀರಿ. ‘ಬಹುಭಾಗ’ ಅಂತ ಎಲ್ಲುಂಟು, ತೋರಿಸಿ."

ಎಲ್ಲೂ ಇರಲಿಲ್ಲ. ದಾಖಲೆ ಪಕ್ಕಾ ಇತ್ತು, ನಾನೇ ಬರೆದದ್ದಲ್ಲವೇ!

ರಾತ್ರಿ ಊಟಕ್ಕೆ ಕೂತಾಗ ನನಗೆ ಅವಮಾನದಿಂದ ಅನ್ನ ಇಳಿಯಲಿಲ್ಲ. ಸಾರು ಮಾತ್ರ ಮೇಜಿನ ತೂತುಗಳಿಂದ ಸರಾಗವಾಗಿ ಇಳಿಯಿತು.

ಮರುದಿನ ಬೆಳಿಗ್ಗೆ ವಾರಿಜಾಳೇ ಫೋನ್ ಮಾಡಿ ಶ್ರೀಮಂತನನ್ನು ಕರೆಸಿದಳು. ಅವನು ಬಾಗಿಲಲ್ಲಿ ಕಚ್ಚಿಕೊಂಡಿದ್ದ ಬೆಂಚನ್ನು ಸುತ್ತಲೂ ನೋಡಿ ತಲೆದೂಗಿದ.

"ಬೆಂಚ್ ಭಾಳ ಛಲೋ ಆಗೇದ್ರಿ ಸಾಹೇಬ್ರ. ಮನೀನ ಸಣ್ಣದಾಗೇದ."

"ಇಪ್ಪತ್ತು ಇಂಚು ತೆಗೀರಿ. ಕಾಲು ಕೂಡ ನಾಲ್ಕು ಇಂಚು ಗಿಡ್ಡ ಮಾಡಿ, ಕೂತು ಹೊಲಿಯುವ ಹಾಗೆ" ಎಂದಳು ವಾರಿಜಾ.

ನಾನು ಆರು ದಿನ ಬೆವರು ಸುರಿಸಿ ಕಟ್ಟಿದ್ದನ್ನು ಅವನು ಮುಕ್ಕಾಲು ತಾಸಿನಲ್ಲಿ ಕೊಯ್ದು, ಕಾಲು ಮತ್ತೆ ಕೂಡಿಸಿ, ಒಳಗೆ ದೂಡಿ, ಬದಿಗೆ ಸರಿಸಿ, ಕೈ ಝಾಡಿಸಿದ. ಸಂಜೆಯೊಳಗೆ ಬೆಂಚಿನ ಒಂದು ತುದಿಯಲ್ಲಿ ಅವಳ ಕೈಮೆಷಿನ್, ನಡುವೆ ಕತ್ತರಿ, ಇನ್ನೊಂದು ತುದಿಯಲ್ಲಿ ಬಣ್ಣ ಬಣ್ಣದ ರವಿಕೆ ತುಂಡುಗಳು. ಪಡುವಣ ಬೆಳಕು ನೇರ ಸೂಜಿಯ ಮೇಲೆ ಬೀಳುತ್ತಿತ್ತು. ವಾರಿಜಾ ನಿಂತುಕೊಂಡೇ, ಸೊಂಟ ಬಗ್ಗಿಸದೆ, ಸೀರೆಯೊಂದನ್ನು ಮಡಿಸಿ ಬೆಂಚಿನ ಉದ್ದಕ್ಕೂ ಹಾಸಿ ನೋಡಿದಳು. ಹನ್ನೆರಡು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಖುಷಿ ನಾನು ಕಂಡಿರಲಿಲ್ಲ. ನೋಡಿ ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು, ಸುಳ್ಳೇಕೆ ಹೇಳಲಿ?

ಮೆಲ್ಲಗೆ ಬಾಲ್ಕನಿಯ ಬಾಗಿಲಲ್ಲಿ ನಿಂತು ಕೇಳಿದೆ, "ಬೆಂಚು ನಿನ್ನದು, ಬಾಲ್ಕನಿ ನಿನ್ನದು, ಆಯ್ತು. ಕಟ್ಟಿದವನಿಗೆ ಕೂತ್ಕೊಳ್ಳಿಕ್ಕಾದ್ರೂ ಇಲ್ಲಿ ಒಂದು ಚೂರು ಜಾಗ ಬೇಡ್ವಾ?"

ವಾರಿಜಾ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು, "ಬೇಕಾದಷ್ಟುಂಟಲ್ಲ! ಫ್ಲ್ಯಾಟಿನ ಅಗ್ರಿಮೆಂಟಿನಲ್ಲಿ ಇನ್ನೂ ಇಪ್ಪತ್ತು ಇಂಚು ಬಾಲ್ಕನಿ ಉಳಿದಿದೆ. ಅದರಲ್ಲಿ ಕೂತ್ಕೊಳ್ಳಿ."