ಪಕ್ಕದ ಹೊಲದ ಮೀಟರು

ಪಕ್ಕದ ಹೊಲದ ನಾಗೇಂದ್ರಪ್ಪನ ಬೋರಿನ ಮೀಟರು ತನ್ನದಕ್ಕಿಂತ ಕಡಿಮೆ ತೋರಿಸುತ್ತಿದೆ ಎಂದು ತಿಳಿದ ದಿನದಿಂದ ಆಡಕಿಯ ಪೀರಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕೃಷಿ ಇಲಾಖೆಯವರು ಇಬ್ಬರ ಬೋರಿಗೂ ನೀರಿನ ಮೀಟರು ಕೂಡಿಸಿ, ಕಡಿಮೆ ನೀರಿನಲ್ಲಿ ಹೆಚ್ಚು ಜೋಳ ಬೆಳೆದವರಿಗೆ ಊರ ಮುಂದೆ ಶಾಲು ಹೊದಿಸುತ್ತೇವೆ ಎಂದಿದ್ದರು. ‘ಕಡಿಮೆ ನೀರು’ ಎನ್ನುವಷ್ಟರಲ್ಲಿ ಚಹಾ ಬಂದಿತ್ತು. ಉಳಿದರ್ಧ ಮಾತು ಪೀರಪ್ಪನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ನಾಗೇಂದ್ರಪ್ಪನ ಹೆಗಲ ಮೇಲೆ ಶಾಲು.

ಮೀಟರು ನೋಡಲು ಕೃಷಿ ಅಧಿಕಾರಿ ಶಿವರಂಜನಿ ಮೇಡಂ ಬರುವ ದಿನ ನಾಗೇಂದ್ರಪ್ಪ ಬೆಳಿಗ್ಗೆಯೇ ಸೇಡಂಗೆ ಹೋದ. ಹನ್ನೊಂದಕ್ಕೆ ಕರೆಂಟು ಬಂತು. ಎರಡೂ ಬೋರಿನ ಸ್ಟಾರ್ಟರು ಬದುವಿನ ಮೇಲಿನ ಒಂದೇ ತಗಡಿನ ಗೂಡಿನಲ್ಲಿದ್ದವು. ಪೀರಪ್ಪ ಅತ್ತಿತ್ತ ನೋಡಿ ನಾಗೇಂದ್ರಪ್ಪನ ಗುಂಡಿ ಒತ್ತಿದ. ನೀರು ಹಳ್ಳಕ್ಕೆ ಹೋಗಲಿ, ಮೀಟರು ತಿರುಗಿದರೆ ಸಾಕು.

ಆಡು ಮೇಯಿಸುತ್ತ ಅಮೀರ್ಬೀ ಬಂದಳು. “ಪೀರಪ್ಪಣ್ಣ, ಅದು ನಾಗೇಂದ್ರಪ್ಪನ ಮೋಟರ್ ಅಲ್ಲೇನು?”

“ಹೂಂ. ಪಾಪ, ಅಂವ ಊರಾಗಿಲ್ಲ. ಅಂವನ ಜ್ವಾಳಕ್ಕ ನೀರು ಬಿಡಾಕತ್ತೀನಿ.”

“ಮತ್ತ ನೀರು ಹಳ್ಳಕ್ಕ ಹೊಂಟದಲ್ಲ?”

ಪೀರಪ್ಪ ಸಲಿಕೆ ಹಿಡಿಯಲೇಬೇಕಾಯಿತು. ಅಮೀರ್ಬೀ ಬೇವಿನ ನೆರಳಲ್ಲಿ ಕೂತು ಹಾದಿಯಲ್ಲಿ ಹೋಗುವವರಿಗೆಲ್ಲ ಅವನ ದೊಡ್ಡ ಮನಸ್ಸನ್ನು ತೋರಿಸಿದಳು. ಅರ್ಧ ತಾಸಿನಲ್ಲಿ ಬದುವಿನ ಮೇಲೆ ನಾಲ್ಕು ಜನ.

“ಆ ಸಾಲು ಒಣಗೇ ಉಳೀತು ನೋಡೋ,” ಎಂದ ಮುದುಕ ಶರಣಬಸಪ್ಪ.

ಮದುವೆಯಲ್ಲಿ ಬಡಿಸುವವನಂತೆ ಪೀರಪ್ಪ ಒಂದು ಸಾಲನ್ನೂ ಬಿಡದೆ ನೀರು ಹಾಯಿಸಿದ. ಬುತ್ತಿ ತಂದ ಹೆಂಡತಿ ಜಗದೇವಿ ಒಂದು ಗಳಿಗೆ ನಿಂತು ನೋಡಿದಳು. “ಮನ್ಯಾಗ ಒಂದು ಕೊಡ ಎತ್ತಿ ಇಟ್ಟವರಲ್ಲ,” ಎಂದು ಬುತ್ತಿಯೊಡನೆ ತಿರುಗಿದಳು. ಆದರೂ ಮೀಟರಿನತ್ತ ನೋಡಿದಾಗಲೆಲ್ಲ ಅವನ ಹೊಟ್ಟೆ ತಂಪಾಗುತ್ತಿತ್ತು.

ಮೂರು ತಾಸಿನ ಮೇಲೆ ಮೇಡಂ ಬಂದರು, ಹಿಂದೆಯೇ ನಾಗೇಂದ್ರಪ್ಪ. ಮೇಡಂ ನಾಗೇಂದ್ರಪ್ಪನ ಮೀಟರು ನೋಡಿದರು, ಹಸಿ ನೆಲ ನೋಡಿದರು.

“ಕಡೀಕೂ ನೀರು ಬಿಟ್ರಿ, ನಾಗೇಂದ್ರಪ್ಪ. ತೆನಿ ಹೊರಡೋ ಹೊತ್ತಿಗೆ ಒಂದು ನೀರು ಬೇಕೇ ಬೇಕು ಅಂತ ಎಷ್ಟು ಸಲ ಹೇಳೀನಿ. ಇನ್ನ ಕಾಳು ಭಾಳ ಛಲೋ ತುಂಬ್ತಾವ. ಎಷ್ಟು ನೀರಿಗೆ ಎಷ್ಟು ಜ್ವಾಳ ಅಂತ ರಾಶಿ ದಿನಾನೇ ಲೆಕ್ಕ ನೋಡ್ರಿ, ಬರೇ ಮೀಟರ್ ಅಲ್ಲ.”

ನೀರು ಬಿಟ್ಟವನು ಪೀರಪ್ಪ ಎಂದು ಅಮೀರ್ಬೀ ಕೂಗಿ ಹೇಳಿದಳು. ನಾಗೇಂದ್ರಪ್ಪ ತಲೆ ತಗ್ಗಿಸಿದ. “ಖರೆ ಹೇಳ್ತೀನಿ ಪೀರಪ್ಪ, ನಿನಗ ಶಾಲು ಸಿಗಬಾರದಂತ ಜ್ವಾಳ ಒಣಗಸಾಕತ್ತಿದ್ದೆ. ನೀ ನೋಡಿದ್ರ ನನ್ನ ಹೊಲ ಉಳಿಸೀದಿ.”

ಪೀರಪ್ಪ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಅವನ ಜೋಳಕ್ಕೂ ತೆನೆ ಹೊರಡುವ ಹೊತ್ತೇ. ಓಡಿ ಹೋಗಿ ತನ್ನ ಗುಂಡಿ ಒತ್ತಿದ. ಪೈಪು ಮುದುಕನಂತೆ ಕೆಮ್ಮಿ, ಎರಡು ಸಲ ಕೆಸರು ಉಗುಳಿ, ಆಮೇಲೆ ಬರೀ ಗಾಳಿ ಬಿಟ್ಟಿತು.

“ಕೆಳಗ ಎರಡೂ ಬೋರಿಗೆ ಒಂದೇ ಕಲ್ಲಿನ ಸಂದಿನ ನೀರು,” ಎಂದರು ಮೇಡಂ. “ನಿಮ್ಮ ಪಾಲಿಂದೂ ಅವರ ಹೊಲಕ್ಕೇ ಹೋಗ್ಯದ. ಮತ್ತ ನೀರು ಕೂಡಲಾಕ ಹದಿನೈದು ದಿನ ಬೇಕು.”

ಅಮೀರ್ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. “ತನ್ನ ಪಾಲಿನ ನೀರೂ ಕೊಟ್ಟಾನ ನೋಡ್ರಿ.”

ನಾಗೇಂದ್ರಪ್ಪ ಹೆಗಲ ಮೇಲಿನ ಟವೆಲು ತೆಗೆದು ಪೀರಪ್ಪನಿಗೆ ಹೊದಿಸಿದ. ಅದರಲ್ಲಿ ಮುಖ ಮುಚ್ಚಿಕೊಂಡು ಪೀರಪ್ಪ ಬಿಕ್ಕಿ ಬಿಕ್ಕಿ ಅತ್ತ. ಸ್ನೇಹಕ್ಕೆ ಅಳುತ್ತಾನೆಂದು ಬದುವಿನ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.