ಖಾಲಿ ಡಬ್ಬಿಯ ಲಾಭ

ಇಂಡಿ ಊರಿನಲ್ಲಿರುವ ನಮ್ಮ ಕಾಕಾನಿಗೆ ಏನಾದರೂ ಉಪಕಾರ ಮಾಡಬೇಕೆಂದಿದ್ದೀರಾ? ದಯವಿಟ್ಟು ಬೇಡ! "ಆರಾಮ ಅದೀರೇನ್ರಿ?" ಎಂದು ಯಾರಾದರೂ ನಕ್ಕು ಕೇಳಿದರೇ ಸಾಕು, ಅವರು ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಜಗತ್ತಿನಲ್ಲಿ ಪುಕ್ಕಟೆ ಒಳ್ಳೆಯತನ ಎಂಬುದೇ ಇಲ್ಲ ಎನ್ನುವುದು ಅವರ ಸಿದ್ಧಾಂತ. "ದೇವರಿಗೆ ಕಾಯಿ ಒಡಿಯಾಂವನೂ ಅರ್ಧಾ ಹೋಳು ಮನಿಗೆ ತರ್ತಾನ. ಇನ್ನ ಮನಷ್ಯಾಗ ಮನಷ್ಯಾ ಸುಮ್ಮಸುಮ್ಮನ ಕೊಡ್ತಾನೇನು?" ಎಂದು ಕೇಳಿದರೆ ಏನು ಹೇಳುತ್ತೀರಿ?

ಒಮ್ಮೆ ಸಿಂದಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಕಾಲಿಡಲೂ ಜಾಗವಿಲ್ಲ. ಕಾಲೇಜು ಹುಡುಗಿಯೊಬ್ಬಳು ಎದ್ದು, "ಬರ್ರಿ ಅಜ್ಜಾರ, ಕುಂದರ್ರಿ" ಎಂದಳು. ಬೇರೆಯವರಾಗಿದ್ದರೆ ಹರಸಿ ಕೂತುಬಿಡುತ್ತಿದ್ದರು. ಕಾಕಾ ಸೀಟಿನ ಮೇಲೆ ಕೈಯಾಡಿಸಿದರು, ಬಗ್ಗಿ ಅಡಿಯಲ್ಲಿ ನೋಡಿದರು, ಬಿಸಿಲು ಯಾವ ಕಡೆ ತಿರುಗುತ್ತದೆಂದು ಕಿಟಕಿಯಲ್ಲಿ ಇಣುಕಿದರು. ಈ ತಪಾಸಣೆ ಮುಗಿಯುವಷ್ಟರಲ್ಲಿ ದಪ್ಪ ಮೀಸೆಯವನೊಬ್ಬ ನುಗ್ಗಿ ಬಂದು ಅಲ್ಲಿ ಕೂತು ಗೊರಕೆಯನ್ನೂ ಹೊಡೆಯತೊಡಗಿದ. ಕಾಕಾ ಇಂಡಿಯವರೆಗೂ ನಿಂತೇ ಬಂದರು. ಇಳಿದ ಮೇಲೆ ನನ್ನ ಕಿವಿಗೆ ಬಾಯಿಟ್ಟು, "ತಿಳೀತಿಲ್ಲೋ? ಅಂವ ಆಕಿ ಕಡೆಯಾಂವ!" ಎಂದರು.

ಇನ್ನೊಂದು ಸಲ, ಬಸವನ ಬಾಗೇವಾಡಿ. ನೆತ್ತಿ ಸುಡುವ ಬಿಸಿಲು. ಯಾರೋ ಪುಣ್ಯಾತ್ಮರು ಬೇವಿನ ನೆರಳಿಗೆ ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರು. ಕಾಕಾ ಗಡಿಗೆಗೆ ಒಂದು ಪ್ರದಕ್ಷಿಣೆ ಹಾಕಿ, "ಇಟ್ಟಾಂವನ ಹೆಸರ ಎಲ್ಲೈತಿ?" ಎಂದರು.

"ಹೆಸರ ಬರದಿಲ್ರಿ ಕಾಕಾ."

"ಬರದಿದ್ರ ಇಲೆಕ್ಷನ್ನಿಗೆ ನಿಂದರಾಂವ ಅನಬಹುದಿತ್ತು. ಬರದಿಲ್ಲಂದ್ರ ಇನ್ನೂ ದೊಡ್ಡ ಮಸಲತ್ತು!"

ಹಾಗೆನ್ನುತ್ತಲೇ ಎರಡು ತಂಬಿಗೆ ಗಟಗಟ ಇಳಿಸಿದರು. "ಮತ್ತ ಕುಡದ್ರೆಲ್ಲ?" ಎಂದೆ. "ತಪಾಸ ಮಾಡಬೇಕಲ್ಲಪಾ!" ಎಂದು ಬಾಯಿ ಒರೆಸಿಕೊಂಡರು.

ಇಂಥವರ ಜೊತೆ ಸಂಸಾರ ಮಾಡಿದ ಕಾಕುವಿನ ತಾಳ್ಮೆಗೆ ಏನೆನ್ನಬೇಕು! "ಕಾಮಾಲಿ ಕಣ್ಣಿಗೆ ಕಂಡಿದ್ದೆಲ್ಲಾ ಹಳದಿ" ಎಂದು ಹೆಂಡತಿ ಚುಚ್ಚಿದರೂ ಕಾಕಾ ಜಗ್ಗುತ್ತಿರಲಿಲ್ಲ. ಒಂದು ದಿನ ಕಾಕು ರೊಟ್ಟಿ ಬಡಿಯುತ್ತಾ ಕೇಳಿಯೇಬಿಟ್ಟರು: "ಇಷ್ಟ ವರ್ಷ ನಿಮ್ಮ ಜೋಡಿ ಬಾಳೇವ ಮಾಡೇನಲ್ಲ, ನನಗೇನ್ರಿ ಲಾಭ?"

"ಅದನ್ನ ಹುಡಕಾಕತ್ತೇನಿ, ತಡಿ" ಎಂದರು ಕಾಕಾ. "ಇನ್ನೂ ಸಿಕ್ಕಿಲ್ಲ."

ಅವರ ಸಂಶಯದ ಖಾಯಂ ಗಿರಾಕಿಯೆಂದರೆ ಪಕ್ಕದ ಮನೆಯ ಮಾಬೂಬಿ. ಓಣಿಗೆಲ್ಲ ಆಕೆ ಖಾಲಾ, ಅಂದರೆ ಚಿಕ್ಕಮ್ಮ; ಕಾಕುವಿಗೆ ಜೀವದ ಗೆಳತಿ. ರಂಜಾನ್ ಬಂತೆಂದರೆ ಸ್ಟೀಲ್ ಡಬ್ಬಿ ತುಂಬ ಹಾಲು-ಶಾವಿಗೆಯ ಸುರಕುಂಬಾ ಬರುತ್ತಿತ್ತು. ಬಂದ ಡಬ್ಬಿಯನ್ನು ಖಾಲಿ ತಿರುಗಿಸುವುದುಂಟೇ? ನಮ್ಮ ಕಡೆ ಅದು ಮಹಾಪರಾಧ! ಕಾಕು ಶೇಂಗಾ ಹೋಳಿಗೆ ತುಂಬಿ ಕಳಿಸುವರು. ಅದು ಚಟ್ನಿ ಹೊತ್ತು ಮರಳುವುದು. ಮತ್ತೆ ಇಲ್ಲಿಂದ ನಿಂಬೆಹಣ್ಣು. ಹೀಗೆ ವರ್ಷವಿಡೀ ಡಬ್ಬಿಗೆ ಪುರುಸೊತ್ತಿಲ್ಲ.

"ಆಕಿ ಕಣ್ಣು ನಮ್ಮ ಲಿಂಬಿಹಣ್ಣಿನ ಮ್ಯಾಲ!" ಎನ್ನುವರು ಕಾಕಾ.

"ಆಕಿ ಹಿತ್ತಲದಾಗೂ ಲಿಂಬಿ ಗಿಡ ಐತ್ರೆಲ್ಲ?" ಎನ್ನುತ್ತಿದ್ದೆ ನಾನು.

"ಅದಕ್ಕ ನನಗ ಹೆಚ್ಚಿನ ಸಂಶೆ!"

ಇಷ್ಟೆಲ್ಲ ಅಂದು, ತೋಟದಿಂದ ಬಂದ ನಿಂಬೆಯಲ್ಲಿ ರಸ ತುಂಬಿದವನ್ನೇ ಹಿಚುಕಿ ನೋಡಿ ಆರಿಸಿ ಡಬ್ಬಿಗೆ ಹಾಕುತ್ತಿದ್ದವರೂ ಇವರೇ. ಯಾಕೆಂದು ಕೇಳಿದರೆ, "ಮನ್ಯಾಗಿದ್ರ ಕೊಳೀತಾವ" ಎಂಬ ಉತ್ತರ. ತಮ್ಮ ಒಳ್ಳೆಯತನವನ್ನೂ ನಂಬದ ಮನುಷ್ಯ!

ಹೋದ ವರ್ಷ ಎದೆನೋವೆಂದ ಕಾಕು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟರು. ಮಣ್ಣು ಮುಗಿಸಿ ಬಂದು ಗೋಡೆಗೊರಗಿ ಕೂತ ಕಾಕಾ ಅಳಲಿಲ್ಲ, ತುತ್ತು ಅನ್ನ ಮುಟ್ಟಲಿಲ್ಲ. ಬಂಧುಗಳು ತಂದ ಬುತ್ತಿ ಹಾಗೇ ಉಳಿಯಿತು. ಮೊದಲೇ ಸಕ್ಕರೆ ಕಾಯಿಲೆ. ಇವರೂ ಕೈಬಿಟ್ಟು ಹೋದರೆ ಎಂದು ನನಗೆ ಜೀವ ಬಾಯಿಗೆ ಬಂದಿತ್ತು.

ಮರುದಿನ ಖಾಲಾ ಬಂದರು. ಅದೇ ಡಬ್ಬಿ. ಒಳಗೆ ಮಜ್ಜಿಗೆ ಕಲಸಿದ ಜೋಳದ ನುಚ್ಚು. ಕಾಕಾನ ಮುಂದಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದರು. ಕಾಕಾ ಡಬ್ಬಿಯನ್ನೇ ದಿಟ್ಟಿಸಿದರು. ನಾನು ಧೈರ್ಯ ಮಾಡಿ, "ಕಾಕಾ, ಇದ್ರಾಗ ಆಕಿಗೇನ ಲಾಭ ಐತಿ, ತಪಾಸ ಮಾಡ್ರಿ" ಎಂದೆ.

ಕಾಕಾ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. "ಸಾವಿನ ಮನಿಯಿಂದ ಡಬ್ಬಿ ತುಂಬಿ ಕಳಸೂದಿಲ್ಲಪಾ. ಈ ಸಲ ಆಕಿಗೆ ಲಿಂಬಿಹಣ್ಣೂ ಸಿಗಂಗಿಲ್ಲ." ಹಾಗೆಂದು ಮುಚ್ಚಳ ತೆಗೆದರು. ಒಂದು ತುತ್ತು ತಿಂದರು, ಯೋಚಿಸಿದರು. ಇನ್ನೊಂದು ತಿಂದರು. ಕೊನೆಗೆ ಡಬ್ಬಿಯ ತಳವನ್ನೂ ಬೆರಳಿನಿಂದ ಬಳಿದರು.

ಸಂಜೆ ತಾವೇ ಡಬ್ಬಿ ತೊಳೆದು ಕಾಂಪೌಂಡ್ ಗೋಡೆಯ ಬಳಿ ಹೋದರು. ನಾನೂ ಹಿಂದೆ ಹೋದೆ.

"ತಂಗಿ, ಡಬ್ಬಿ ಖಾಲಿ ತಂದೇನಿ. ಈ ಸಲ ನಿನಗೇನೂ ಸಿಗಲಿಲ್ಲ ನೋಡು."

ಖಾಲಾ ಮುಚ್ಚಳ ತೆಗೆದು ಒಳಗೆ ನೋಡಿದರು. "ಖಾಲಿ ಆಗೇತಲ್ರಿ ಅಣ್ಣಾ, ನನಗ ಅಷ್ಟ ಸಾಕು. ನೀವು ಉಂಡ್ರಿ ಅಂತ ತಿಳೀತು. ನಿನ್ನಿಯಿಂದ ನನಗೂ ತುತ್ತು ಇಳದಿಲ್ಲ. ಇನ್ನ ಇಳೀತೈತಿ."

ಕಾಕಾ ಗಕ್ಕನೆ ನನ್ನ ಕಡೆ ತಿರುಗಿದರು. ಗೆದ್ದವರ ಹಾಗೆ ಬೆರಳೆತ್ತಿ, "ಕೇಳಿದೇನು? ನಾ ಹೇಳಿರಲಿಲ್ಲಾ? ಆಕಿಗೂ ಲಾಭ ಇತ್ತು!" ಎಂದರು.

ಎಂದವರು ಆ ಗೋಡೆಗೇ ಹಣೆಯಿಟ್ಟು, ಕಾಕು ಹೋದ ಮೇಲೆ ಮೊದಲ ಸಲ, ಸಣ್ಣ ಹುಡುಗನ ಹಾಗೆ ಬಿಕ್ಕಿಬಿಕ್ಕಿ ಅತ್ತುಬಿಟ್ಟರು.