ದೀಪ ಹಚ್ಚಿದ ಮೇಲೆ ಗುಂಡಿ ಒತ್ತಬಹುದೇ?

ದಿನಾ ಸಂಜೆ ನಾನು ಒಂದೇ ಒಂದು ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ಮರೆತೆನೆಂದರೆ ಸುಳ್ಳಾದೀತು. ಬಹಳ ವಿಚಾರ ಮಾಡಿಯೇ ಒತ್ತಲಿಲ್ಲ!

ಮಿಶ್ರಿಕೋಟಿಯಲ್ಲಿ ನನ್ನ ಅಕ್ಕನದು ಸ್ಟೀಲ್ ಪಾತ್ರೆಗಳ ಅಂಗಡಿ. ಭಾವ ತೀರಿಕೊಂಡ ಮೇಲೆ ಅದರಿಂದಲೇ ಮಗಳನ್ನು ಬೆಳೆಸಿದಳು. ಈಗ ಆ ಮಗಳ ನಿಶ್ಚಯ. ನೆಂಟರನ್ನು ಕರೆಯಲು ನಾಲ್ಕು ಊರು ತಿರುಗಿ, ಕೊನೆಗೆ ಹುಬ್ಬಳ್ಳಿಯಲ್ಲಿ ಬೀಗತಿಯನ್ನು ಕೂಡಿಕೊಂಡು ಅಳಿಯನ ಬಟ್ಟೆ ತರುವುದೆಂದು ಹೊರಟಳು.

"ಅಳಿಯನ ಅರಿವಿ ನನ್ನ ದುಡಿಮ್ಯಾಗ ಬರಬೇಕು, ತಮ್ಮಾ," ಎಂದು ಅಂಗಡಿಯನ್ನು ನನಗೆ ಒಪ್ಪಿಸಿ, ಕಾರ್ಡ್ ಮಷಿನ್ ಕೈಗಿತ್ತಳು. "ಗಿರಾಕಿ ಕಾರ್ಡ್ ಉಜ್ಜಿದ್ದು ಇದರಾಗ ಇರ್ತೈತಿ. ಸಂಜಿಮುಂದ ಈ ಸೆಟಲ್‌ಮೆಂಟ್ ಗುಂಡಿ ಒತ್ತಿದ್ರ ರೊಕ್ಕ ಇಲ್ಲಿಂದ ಹೊಂಟು ಮರುದಿನ ಬ್ಯಾಂಕಿಗೆ ಮುಟ್ಟತಾವ."

"ಇಷ್ಟ ಹೌದಿಲ್ಲೋ? ನಾಲ್ಕನೇ ಕ್ಲಾಸ್ ಕಲ್ತಾಂವಗ ಒಂದು ಗುಂಡಿ ಭಾರ ಏನಬೇ?" ಎಂದೆ.

ಮೊದಲ ಸಂಜೆ ದೀಪ ಹಚ್ಚಿ, ಕೈಮುಗಿದು, ಗುಂಡಿಯ ಮೇಲೆ ಬೆರಳಿಟ್ಟೆ. ತಟ್ಟನೆ ನೆನಪಾಯಿತು! ದೀಪ ಹಚ್ಚಿದ ಮೇಲೆ ಪಕ್ಕದ ಮನೆಯವರಿಗೆ ಹತ್ತು ರೂಪಾಯಿ ಕೊಡದ ಮನೆತನ ನಮ್ಮದು. ಇಡೀ ದಿನದ ವ್ಯಾಪಾರವನ್ನು ಹೊರಗೆ ಕಳಿಸುವುದೇ? ಲಕ್ಷ್ಮಿ ಏನೆಂದುಕೊಂಡಾಳು? ಬೆರಳು ಹಿಂದಕ್ಕೆ ತೆಗೆದೆ.

ಮುಂಜಾನೆ ಒತ್ತೋಣವೆಂದರೆ ಬೋಣಿ ಆಗಿರಲಿಲ್ಲ. ಮೊದಲ ವ್ಯಾಪಾರಕ್ಕಿಂತ ಮುಂಚೆ ಹಣ ಹೊರಹೋಗಬಾರದು. ಬೋಣಿಯಾದ ಮೇಲೆ ಗಿರಾಕಿ. ಗಿರಾಕಿಯಾದ ಮೇಲೆ ಊಟ. ಊಟವಾದ ಮೇಲೆ ನಿದ್ದೆ. ಎದ್ದರೆ ಮತ್ತೆ ದೀಪದ ಹೊತ್ತು! ಮರುದಿನ ಶುಕ್ರವಾರ. ಅದರ ಮರುದಿನ ಅಮಾವಾಸ್ಯೆ.

"ಅಕ್ಕಾರು ಒತ್ತು ಅಂದಾರ, ಒತ್ರಲಾ! ಗುಂಡಿಗೂ ಪಂಚಾಂಗ ನೋಡ್ತಾರೇನ್ರಿ?" ಎಂದಳು ಹೆಂಡತಿ.

"ನಿನಗ ವ್ಯಾಪಾರದ ಮರ್ಮ ತಿಳಿಯಂಗಿಲ್ಲ, ಸುಮ್ನಿರು," ಎಂದು ಗದರಿ, ಮಷಿನ್ನಿಗೆ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ.

ಅಮಾವಾಸ್ಯೆಯ ಮರುದಿನ ಮಧ್ಯಾಹ್ನ ಅಕ್ಕನ ಫೋನ್ ಬಂತು. ದನಿ ಸಣ್ಣದಾಗಿತ್ತು. "ಲೇ ತಮ್ಮಾ, ಅರಿವಿ ಅಂಗಡ್ಯಾಗ ಅದೀನಿ. ಕಾರ್ಡ್ ನಡೀವಲ್ದು. ನಮ್ಮ ರೊಕ್ಕ ಎಲ್ಲಿ ಹೋದ್ವೋ?"

"ಎಲ್ಲೂ ಹೋಗಿಲ್ಲಬೇ!" ಎಂದೆ ಹೆಮ್ಮೆಯಿಂದ. "ಹೊರಗ ಹೋಗಾಕ ನಾನು ಬಿಟ್ಟೇ ಇಲ್ಲ!"

"ಗುಂಡಿ ಒತ್ತದ ಬ್ಯಾಂಕಿಗೆ ರೊಕ್ಕ ಹೆಂಗ ಮುಟ್ಟತಾವೋ?" ಎಂದಳು ಅಕ್ಕ. ಆಗ ನನಗೆ ತಿಳಿಯಿತು.

ಜಗಲಿಗೆ ಓಡಿ ಗುಂಡಿ ಒತ್ತಿದೆ. ಮಷಿನ್ ಚಾರ್ಜ್ ಇಲ್ಲದೆ ಸತ್ತಿತ್ತು. ಚಾರ್ಜಿಗೆ ಹಾಕಿದೆ. ಕರೆಂಟ್ ಹೋಯಿತು! ಅದು ಬರುವಷ್ಟರಲ್ಲಿ ಅಳಿಯನ ಬಟ್ಟೆಗೆ ಬೀಗತಿಯೇ ಹಣ ಕೊಟ್ಟಾಗಿತ್ತು.

ಸಂಜೆ ಇಬ್ಬರೂ ಮನೆಗೆ ಬಂದರು. ನೆಟ್‌ವರ್ಕ್ ಇರಲಿಲ್ಲ ಎಂಬ ಸುಳ್ಳನ್ನು ನಾನು ಬಾಯಿಪಾಠ ಮಾಡಿಟ್ಟಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಬೀಗತಿಗೆ, "ತಪ್ಪು ನಂದರಿ. ಹೊರಡೂಮುಂದ ಮಷಿನ್ ಗುಂಡಿ ಒತ್ತೂದು ನಾನ ಮರ್ತಿದ್ದೆ," ಎಂದಳು.

"ಇರ್ಲಿ ಬಿಡ್ರಿ, ರೊಕ್ಕದ ಅಡಚಣಿ ಯಾರಿಗಿಲ್ಲ?" ಎಂದರು ಬೀಗತಿ, ಬಹಳ ಮರ್ಯಾದೆಯಿಂದ.

ಅಕ್ಕ ತಲೆ ತಗ್ಗಿಸಿ ಬಟ್ಟೆಯ ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತ ಕುಳಿತಳು. ನನಗೆ ತಡೆಯಲಾಗಲಿಲ್ಲ.

"ಅಡಚಣಿ ರೊಕ್ಕದ್ದಲ್ಲರಿ, ನಂದು!" ಎಂದೆ. "ಅಕ್ಕ ದುಡಿದ ರೊಕ್ಕ ಇತ್ತರಿ. ಅದಕ್ಕ ಕುಂಕುಮ ಹಚ್ಚಿ ಕಾವಲು ಕುಂತ ಶಾಣ್ಯಾ ನಾನು. ಯಕ್ಕಾ, ನಾಲ್ಕು ಮಂದಿ ಮುಂದ ನಿನ್ನ ತಲಿ ತಗ್ಗಿಸಿದೆ. ನನ್ನ ತಪ್ಪು ನೀ ಹೊರಬ್ಯಾಡ. ತಪ್ಪಾತಬೇ."